ಒಂದೇ ಅಪಘಾತ, ಎರಡು ನ್ಯಾಯಾಲಯ

ತಾಲ್ಲೂಕು ಕೇಂದ್ರದ ನ್ಯಾಯಾಲಯ ಸಂಕೀರ್ಣದಲ್ಲಿ ಕೆಲವು ದಿನ ಕುಳಿತು ನೋಡಿದವರಿಗೆ ಒಂದು ಸಂಗತಿ ವಿಚಿತ್ರವೆನಿಸುತ್ತದೆ. ಕೆಳ ಅಂತಸ್ತಿನ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯದಲ್ಲಿ ಲಾರಿ ಚಾಲಕನೊಬ್ಬ, ಬೈಕ್ ಸವಾರನ ಸಾವಿಗೆ ತನ್ನ ನಿರ್ಲಕ್ಷ್ಯವೇ ಕಾರಣವೆಂಬ ಆರೋಪದಿಂದ ಖುಲಾಸೆಯಾಗಿ ಹೊರಬರುತ್ತಾನೆ. ಮೇಲಿನ ಅಂತಸ್ತಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಾದರೋ ಅದೇ ಲಾರಿ, ಅದೇ ಚಾಲಕ, ಅದೇ ರಾತ್ರಿಯ ಅದೇ ಡಿಕ್ಕಿಯ ಬಗ್ಗೆ, ತಪ್ಪೆಲ್ಲ ಚಾಲಕನದೇ ಎಂದು ತೀರ್ಮಾನಿಸಿ, ಸತ್ತವನ ಹೆಂಡತಿ ಮಕ್ಕಳಿಗೆ ಪರಿಹಾರ ಕೊಡಬೇಕೆಂದು ವಿಮಾ ಕಂಪನಿಗೆ ಆದೇಶಿಸಿ ಆಗಿರುತ್ತದೆ. ಎರಡೂ ಆದೇಶಗಳು ಕಾನೂನಿನ ದೃಷ್ಟಿಯಲ್ಲಿ ಸರಿಯಾಗಿರಬಹುದು. ಇದು ಹೇಗೆ ಸಾಧ್ಯವೆಂಬುದು ಅರ್ಥವಾದರೆ, ಅಪಘಾತ ಪರಿಹಾರ ಮತ್ತು ಕ್ರಿಮಿನಲ್ ಪ್ರತಿವಾದ ಎರಡನ್ನೂ ನಡೆಸುವ ವಿಚಾರಣಾ ವಕೀಲರ ವೃತ್ತಿ ಎಂಥದೆಂಬುದೂ ಬಹುಮಟ್ಟಿಗೆ ಅರ್ಥವಾದಂತೆ.

ಬೆಂಗಳೂರಿನಂಥ ನಗರದಲ್ಲಿ ಈ ಎರಡು ಕೆಲಸಗಳು ಬೇರೆ ಬೇರೆ ವಕೀಲರ ಪಾಲಾಗಿ ಹಂಚಿಹೋಗಿರುವುದುಂಟು. ಅಲ್ಲಿ ಲಘುವ್ಯಾಜ್ಯ ನ್ಯಾಯಾಲಯದಲ್ಲಿ ಎಂವಿಸಿ, ಅಂದರೆ ಮೋಟಾರು ಅಪಘಾತ ಪರಿಹಾರದ, ಪ್ರಕರಣಗಳನ್ನೇ ನಡೆಸುತ್ತ ವೃತ್ತಿಜೀವನ ಕಳೆದವರಿದ್ದಾರೆ. ಜಿಲ್ಲೆ, ತಾಲ್ಲೂಕುಗಳಲ್ಲಿ ಹಾಗಲ್ಲ. ಬೆಳಿಗ್ಗೆ ಜಾಮೀನು ಅರ್ಜಿಗೆ ವಾದಿಸಿದವರೇ ಮಧ್ಯಾಹ್ನ ಮುರಿದ ಕಾಲಿನ ಎಕ್ಸ್‌ರೇ ಹಿಡಿದು ಮೂಳೆ ವೈದ್ಯರ ಮುಖ್ಯ ವಿಚಾರಣೆ (ತಮ್ಮ ಕಡೆಯ ಸಾಕ್ಷಿಗೆ ತಾವೇ ಕೇಳುವ ಪ್ರಶ್ನೆಗಳು) ಮಾಡಿಸುತ್ತಾರೆ. ಜಮೀನಿನ ದಾವೆಯಲ್ಲಿ ಪಹಣಿ, ಕ್ರಯಪತ್ರಗಳು ಅರ್ಧ ಕೆಲಸ ಮುಗಿಸಿಬಿಡುತ್ತವೆ. ಅಪಘಾತದಲ್ಲಿ, ಅಪರಾಧದಲ್ಲಿ, ಎಲ್ಲವೂ ಕಟಕಟೆಗೆ ಬಂದು ನಿಂತ ಮನುಷ್ಯ ಏನು ನೋಡಿದ, ಏನು ಹೇಳಿದ ಎಂಬುದರ ಮೇಲೆ ನಿಲ್ಲುತ್ತದೆ. ಅಮೆರಿಕದಲ್ಲಿಯೂ ಈ ಎರಡು ಶಾಖೆಗಳು ಎಷ್ಟೋ ವಕೀಲರ ಫಲಕದ ಮೇಲೆ ಒಟ್ಟಿಗೇ ಇರುತ್ತವೆ. ಕಾರಣವೂ ಬಹುಶಃ ಇದೇ. ಇನ್ನು ಪ್ರಕರಣಗಳಿಗಂತೂ ಕೊರತೆಯಿಲ್ಲ: ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ.

ಅಪಘಾತವೊಂದು ಎರಡು ಮೊಕದ್ದಮೆಗಳಾಗಿ ಕವಲೊಡೆಯುವುದು ಪೊಲೀಸ್ ಠಾಣೆಯಲ್ಲಿ. ದೂರು ದಾಖಲಾದರೆ ಎಫ್‌ಐಆರ್. ನಂತರ ಸ್ಥಳ ಮಹಜರು, ಸ್ಕೆಚ್, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ ಅಥವಾ ಮರಣೋತ್ತರ ಪರೀಕ್ಷೆಯ ವರದಿ, ಕೊನೆಗೆ ದೋಷಾರೋಪಣ ಪಟ್ಟಿ. ಈ ಕಟ್ಟು ಒಂದು ಕಡೆ ಮ್ಯಾಜಿಸ್ಟ್ರೇಟರ ಮುಂದೆ ಸಿಸಿ (ಕ್ರಿಮಿನಲ್ ಪ್ರಕರಣ) ಸಂಖ್ಯೆ ಪಡೆದು ಸರ್ಕಾರದ ಪ್ರಕರಣವಾಗುತ್ತದೆ. 2024ರ ಜುಲೈ 1ಕ್ಕೆ ಹಿಂದಿನ ಘಟನೆಯಾದರೆ ಭಾರತೀಯ ದಂಡ ಸಂಹಿತೆಯ 279, 304ಎ ಕಲಮುಗಳು ಅನ್ವಯವಾಗುತ್ತವೆ. ಆನಂತರದ್ದಾದರೆ ಭಾರತೀಯ ನ್ಯಾಯ ಸಂಹಿತೆಯ 281, 106(1). ನಿರ್ಲಕ್ಷ್ಯದಿಂದ ಸಾವುಂಟುಮಾಡಿದ್ದಕ್ಕೆ ಹಳೆಯ ಕಾನೂನಿನಲ್ಲಿ ಗರಿಷ್ಠ 2 ವರ್ಷವಿದ್ದ ಸೆರೆವಾಸ ಹೊಸದರಲ್ಲಿ 5 ವರ್ಷಕ್ಕೆ ಏರಿದೆ. ಅದೇ ಕಟ್ಟಿನ ದೃಢೀಕೃತ ನಕಲುಗಳು ಇನ್ನೊಂದು ಕಡೆ, 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಸಲ್ಲಿಸಿದ ಪರಿಹಾರದ ಅರ್ಜಿಗೆ ಜೋಡಣೆಯಾಗಿ ಎಂವಿಸಿ ಸಂಖ್ಯೆ ಪಡೆಯುತ್ತವೆ. ಅಲ್ಲಿ ಗಾಯಾಳು ಅಥವಾ ಸತ್ತವನ ಕುಟುಂಬ ಅರ್ಜಿದಾರರಾದರೆ, ವಾಹನದ ಮಾಲೀಕ ಮತ್ತು ವಿಮಾ ಕಂಪನಿ ಎದುರುದಾರರು.

ಕಾಗದಗಳು ಒಂದೇ, ತೂಗುವ ತಕ್ಕಡಿ ಬೇರೆ. ಮ್ಯಾಜಿಸ್ಟ್ರೇಟರ ಮುಂದೆ ಸರ್ಕಾರ ತನ್ನ ಆರೋಪವನ್ನು ಸಂಶಯಾತೀತವಾಗಿ ರುಜುವಾತುಪಡಿಸಬೇಕು. ಸಮಂಜಸವಾದ ಒಂದು ಸಂಶಯ ಉಳಿದರೂ ಅದರ ಲಾಭ ಆರೋಪಿಗೆ. ನ್ಯಾಯಮಂಡಳಿಯ ಮುಂದಾದರೆ ಯಾರನ್ನೂ ಜೈಲಿಗೆ ಕಳುಹಿಸುವ ಪ್ರಶ್ನೆಯಿಲ್ಲ. ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂದು ತೋರಿದರೆ ಸಾಕು. ಕ್ರಿಮಿನಲ್ ಪ್ರಕರಣದಲ್ಲಿ ಚಾಲಕ ಖುಲಾಸೆಯಾದ ಮಾತ್ರಕ್ಕೆ ಪರಿಹಾರದ ಹಕ್ಕು ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 1980ರಲ್ಲಿಯೇ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಲೇಖನಿಯಿಂದ, ತಮಿಳುನಾಡಿನ ಬಸ್ ಅಪಘಾತವೊಂದರ ಮೇಲ್ಮನವಿಯಲ್ಲಿ ಸ್ಪಷ್ಟಪಡಿಸಿದೆ. ಎರಡೂ ಕಡೆ ಕೆಲಸ ಮಾಡುವ ವಕೀಲರು ತಮ್ಮ ಕಿರಿಯರಿಗೆ ಮೊದಲು ಕಲಿಸಬೇಕಾದದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ. ಕಲಮು, ತೀರ್ಪುಗಳು ಪುಸ್ತಕದಲ್ಲಿ ಸಿಗುತ್ತವೆ. ಒಂದೇ ಕಾಗದವನ್ನು ಎರಡು ಬಗೆಯಲ್ಲಿ ಓದುವ ಕಣ್ಣು ಮಾತ್ರ ನ್ಯಾಯಾಲಯದಲ್ಲಿ ಕುಳಿತೇ ಬರಬೇಕು.

ಉದಾಹರಣೆಗೆ ಸ್ಕೆಚ್ಚನ್ನೇ ತೆಗೆದುಕೊಳ್ಳೋಣ. ತನಿಖಾಧಿಕಾರಿ ಕೈಯಲ್ಲೇ ಎಳೆದ ಎರಡು ಸಮಾನಾಂತರ ಗೆರೆ. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ. ಪೂರ್ವ ಪಶ್ಚಿಮವಾಗಿ ಹರಿದ 24 ಅಡಿ ಅಗಲದ ಡಾಂಬರು ರಸ್ತೆ, ಎರಡೂ ಬದಿಗೆ ಮಣ್ಣಿನ ಅಂಚು. ನಡುವೆಲ್ಲೋ ಒಂದು ಗುಣಿಸು ಗುರುತು, ಪಕ್ಕದಲ್ಲಿ ‘ಅಪಘಾತ ಸ್ಥಳ’ ಎಂಬ ಬರಹ. ಬೈಕ್ ಪೂರ್ವಕ್ಕೆ ಹೋಗುತ್ತಿತ್ತು, ಲಾರಿ ಎದುರಿನಿಂದ ಬಂತು ಎಂದಿಟ್ಟುಕೊಳ್ಳಿ. ಪೂರ್ವಕ್ಕೆ ಹೋಗುವವನ ಎಡಬದಿಯೆಂದರೆ ಉತ್ತರದ ಅಂಚು. ಗುರುತು ಉತ್ತರದ ಅಂಚಿನಿಂದ 5 ಅಡಿಯಲ್ಲಿದ್ದರೆ ಲಾರಿ ತನ್ನ ಅರ್ಧವನ್ನು ಬಿಟ್ಟು ಬೈಕಿನವನ ಪಾಲಿನ ರಸ್ತೆಗೆ ನುಗ್ಗಿದೆ. ನ್ಯಾಯಮಂಡಳಿಗೆ ಅಷ್ಟು ಸಾಕಾಗಬಹುದು. ಅದೇ ಗುರುತು 11 ಅಡಿಯಲ್ಲಿದ್ದರೆ ಡಿಕ್ಕಿ ಬಹುತೇಕ ರಸ್ತೆಯ ನಡುಮಧ್ಯದಲ್ಲಿ ನಡೆದಂತಾಯಿತು. ವಿಮಾ ಕಂಪನಿಯ ವಕೀಲರು ಆಗ ಸವಾರನ ಯೋಗದಾಯಿ ನಿರ್ಲಕ್ಷ್ಯದ, ಅಂದರೆ ತಪ್ಪಿನಲ್ಲಿ ಅವನದೂ ಪಾಲಿದೆಯೆಂಬ, ವಾದ ತೆಗೆಯುತ್ತಾರೆ. ಅದು ಎಷ್ಟು ಪ್ರತಿಶತಕ್ಕೆ ಒಪ್ಪಿತವಾಗುತ್ತದೋ ಪರಿಹಾರದ ಮೊತ್ತದಲ್ಲಿ ಅಷ್ಟು ಪ್ರತಿಶತ ಕಡಿತ. ಆರು ಅಡಿಯ ಅಂತರಕ್ಕೆ ಲಕ್ಷಾಂತರ ರೂಪಾಯಿಯ ಬೆಲೆ.

ಈಗ ಅದೇ ಸ್ಕೆಚ್ಚು, ಅದೇ ಮಹಜರು ಕೆಳಗಿನ ಅಂತಸ್ತಿಗೆ ಇಳಿಯಲಿ. ಚಾಲಕನ ಪರ ವಕೀಲರು ಗುರುತು ಎಲ್ಲಿದೆಯೆಂದು ಮೊದಲು ಕೇಳುವುದಿಲ್ಲ. ಆ ಗುರುತನ್ನು ಅಲ್ಲಿ ಹಾಕಿದ್ದು ಯಾರು ತೋರಿಸಿದ ಮೇಲೆ ಎಂದು ಕೇಳುತ್ತಾರೆ. ಮಹಜರಿಗೆ ಸಹಿ ಹಾಕಿದ ಪಂಚರು ಕಟಕಟೆಗೆ ಬರುತ್ತಾರೆ. ಸ್ಥಳಕ್ಕೆ ಹೋಗಿದ್ದಿರಾ? ನೆನಪಿಲ್ಲ. ಸಹಿ ಎಲ್ಲಿ ಹಾಕಿದಿರಿ? ಠಾಣೆಯಲ್ಲಿ. ಬರೆದದ್ದನ್ನು ಓದಿ ಹೇಳಿದರೇ? ಇಲ್ಲ. ಸಹಾಯಕ ಸರ್ಕಾರಿ ಅಭಿಯೋಜಕರು ಅವರನ್ನು ಪ್ರತಿಕೂಲ ಸಾಕ್ಷಿಯೆಂದು ಘೋಷಿಸಿ ತಾವೇ ಪಾಟೀ ಸವಾಲು (ಎದುರು ಪಕ್ಷದ ಸಾಕ್ಷಿಗೆ ಹಾಕುವ ಪ್ರಶ್ನೆಗಳು) ಮಾಡಿದರೂ ಆದ ಹಾನಿ ತುಂಬುವುದು ಕಷ್ಟ. ಮೇಲಿನ ಅಂತಸ್ತಿನಲ್ಲಿ ಇದೇ ಮಹಜರು ಪಂಚರ ವಿಚಾರಣೆಯೇ ಇಲ್ಲದೆ ನಿಶಾನೆಯಾಗಿ (ಸಾಕ್ಷ್ಯದ ದಾಖಲೆಯಾಗಿ) ಗುರುತಾಗಿರುತ್ತದೆ. ಯಾಕೆಂದರೆ ನ್ಯಾಯಮಂಡಳಿಯದು ಸಂಕ್ಷಿಪ್ತ ವಿಚಾರಣೆ, ಸಾಕ್ಷ್ಯ ಕಾನೂನಿನ ಕಟ್ಟುನಿಟ್ಟು ಅಲ್ಲಿ ಅಷ್ಟಾಗಿ ಇಲ್ಲ.

ಪ್ರತ್ಯಕ್ಷ ಸಾಕ್ಷಿಯ ಪಾಟೀ ಸವಾಲು ಇನ್ನೂ ಸೂಕ್ಷ್ಮವಾದದ್ದು. ನಮ್ಮ ರಾಜ್ಯದಲ್ಲಿ ದಾಖಲಾಗುವ ಅಪಘಾತದ ದೂರುಗಳನ್ನು ಓದಿದವರಿಗೆ ಒಂದು ವಾಕ್ಯ ಬಾಯಿಪಾಠವಾಗಿರುತ್ತದೆ: ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು ಡಿಕ್ಕಿ ಹೊಡೆದು’. ಬಸ್ಸಿರಲಿ, ಟ್ರ್ಯಾಕ್ಟರಿರಲಿ, ವಾಕ್ಯ ಮಾತ್ರ ಬದಲಾಗದು. ಅನುಭವಿ ವಕೀಲರು ಈ ವಾಕ್ಯವನ್ನು ಮುಟ್ಟುವುದೇ ಇಲ್ಲ. ಸಾಕ್ಷಿ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರೆಂದು ವಿಚಾರಿಸುತ್ತಾರೆ. ಟೀ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯ ಕಡೆಗೆ ಮುಖ ಮಾಡಿದ್ದೆ. ‘ಡಿಕ್ಕಿಯ ಶಬ್ದ ಕೇಳಿ ನಾನು ತಿರುಗಿ ನೋಡಿದೆ ಎಂದರೆ ಸರಿ.’ ನಮ್ಮ ನ್ಯಾಯಾಲಯಗಳಲ್ಲಿ ಸಾಕ್ಷ್ಯ ಬರೆದುಕೊಳ್ಳುವ ಧಾಟಿ ಇದು. ವಕೀಲರ ಸೂಚನೆಯನ್ನು ಸಾಕ್ಷಿ ಒಪ್ಪಿದರೆ ‘ಎಂದರೆ ಸರಿ’, ಒಪ್ಪದಿದ್ದರೆ ‘ಎಂದರೆ ಸರಿಯಲ್ಲ’. ಆ ಒಂದು ‘ಸರಿ’ಯಿಂದ ಸಾಕ್ಷಿ ಡಿಕ್ಕಿಯನ್ನು ಕಂಡವರ ಸಾಲಿನಿಂದ ಕೇಳಿದವರ ಸಾಲಿಗೆ ಸರಿದುಬಿಡುತ್ತಾರೆ. ಅಲ್ಲಿಗೆ ನಿಲ್ಲಿಸಿ ಕುಳಿತುಕೊಳ್ಳುವುದೇ ವಿದ್ಯೆ. ಗೆದ್ದ ಹುಮ್ಮಸ್ಸಿನಲ್ಲಿ ‘ಹಾಗಾದರೆ ಅತಿವೇಗವೆಂದು ಹೇಗೆ ಹೇಳುತ್ತೀರಿ?’ ಎಂದು ಕಿರಿಯರೊಬ್ಬರು ಮುಂದುವರಿಸಿದರೆ, ‘ಬ್ರೇಕಿನ ಗುರುತು ದೂರದವರೆಗೆ ಇತ್ತು ಸ್ವಾಮಿ, ನಾನೇ ನೋಡಿದೆ’ ಎಂಬ ಉತ್ತರ ಬರಬಹುದು. ತೆರೆದ ಬಾಗಿಲನ್ನು ತಾವೇ ಮುಚ್ಚಿಕೊಂಡಂತೆ.

ಈ ಪ್ರಶ್ನೆಗಳ ಹಿಂದೆ ಕರ್ನಾಟಕದ್ದೇ ಆದ ಒಂದು ಪ್ರಕರಣದ ತೀರ್ಪು ಇದೆ. ಟ್ರಕ್ಕೊಂದು ಮಗುಚಿ ಜನ ಸತ್ತ ಆ ಪ್ರಕರಣದಲ್ಲಿ 1998ರಲ್ಲಿ ಸುಪ್ರೀಂ ಕೋರ್ಟ್, ವಾಹನ ‘ಅತಿವೇಗ’ದಲ್ಲಿತ್ತು ಎಂಬ ಮಾತಷ್ಟರಿಂದಲೇ ನಿರ್ಲಕ್ಷ್ಯವಾಗಲೀ ದುಡುಕಾಗಲೀ ಸಾಬೀತಾಗುವುದಿಲ್ಲ, ವೇಗವೆಂಬುದು ಸಾಪೇಕ್ಷ, ಯಾವುದನ್ನು ಅತಿವೇಗವೆನ್ನುತ್ತೇವೆ ಎಂಬುದನ್ನು ಸರ್ಕಾರದ ಕಡೆಯವರು ಸಾಕ್ಷ್ಯದಿಂದ ತೋರಿಸಬೇಕು ಎಂದು ಹೇಳಿ ಚಾಲಕನ ಖುಲಾಸೆಯನ್ನು ಎತ್ತಿಹಿಡಿಯಿತು. ಇದರ ಜೊತೆಗೆ ಇನ್ನೊಂದು ಸಡಿಲು ಕೊಂಡಿಯೂ ಇರುತ್ತದೆ: ಅಂದು ಸ್ಟಿಯರಿಂಗ್ ಹಿಡಿದಿದ್ದವರು ಯಾರು? ಮೋಟಾರು ವಾಹನ ಕಾಯ್ದೆಯ 133ನೇ ಕಲಮಿನಡಿ ಪೊಲೀಸರು ಮಾಲೀಕನಿಗೆ ನೋಟಿಸು ಕೊಟ್ಟು ಚಾಲಕನ ಹೆಸರು ಪಡೆದಿರಬೇಕು. ಆ ಉತ್ತರ ಕಡತದಲ್ಲಿ ಇಲ್ಲದಿದ್ದರೆ, ಇದ್ದರೂ ಅದನ್ನು ಕೊಟ್ಟ ಮಾಲೀಕ ಕಟಕಟೆಗೆ ಬಾರದಿದ್ದರೆ, ಆರೋಪಿ ಸ್ಥಾನದಲ್ಲಿ ನಿಂತವನೇ ಚಾಲಕನೆಂಬುದು ಗಾಳಿಯಲ್ಲಿ ಉಳಿಯುತ್ತದೆ.

ಇಷ್ಟೆಲ್ಲ ಆಗುವ ಮೊದಲೇ ಮುಗಿದುಹೋಗುವ ಪ್ರಕರಣಗಳೂ ಇವೆ. ಸಣ್ಣಪುಟ್ಟ ಗಾಯದ ಪ್ರಕರಣದಲ್ಲಿ ಚಾಲಕ, ವಾಯಿದೆಗೆ ಅಲೆಯುವ ಕಷ್ಟ ಬೇಡವೆಂದು, ತಪ್ಪೊಪ್ಪಿಕೊಂಡು ದಂಡ ಕಟ್ಟಿ ಡ್ಯೂಟಿಗೆ ಹೊರಟುಬಿಡುತ್ತಾನೆ. ಕ್ರಿಮಿನಲ್ ಕೆಲಸ ಮಾತ್ರ ಬಲ್ಲ ವಕೀಲರಿಗೆ ಇದು ಒಳ್ಳೆಯ ಇತ್ಯರ್ಥವೆಂದೇ ತೋರಬಹುದು. ಎಂವಿಸಿ ಬಲ್ಲವರು ತಡೆಯುತ್ತಾರೆ, ಏಕೆಂದರೆ ಆ ದಿನದ ಆರ್ಡರ್ ಶೀಟಿನ ನಕಲು ಮುಂದೆ ಅರ್ಜಿದಾರರ ಕೈಗೆ ಸಿಕ್ಕಿ, ನಿರ್ಲಕ್ಷ್ಯವನ್ನು ಚಾಲಕನೇ ಒಪ್ಪಿದ್ದಾನೆ ಎಂಬ ಸಾಕ್ಷ್ಯವಾಗಿ ನ್ಯಾಯಮಂಡಳಿಯ ಮುಂದೆ ಬರುತ್ತದೆ. ಲಾರಿಗೆ ವಿಮೆ ಇದ್ದರೆ ಮಾಲೀಕನಿಗೆ ಅಷ್ಟು ಚಿಂತೆಯಿಲ್ಲ. ವಿಮೆಯ ಅವಧಿ ಮುಗಿದಿದ್ದರೆ ಪರಿಹಾರದ ಹಣ ಅವನ ಮನೆಯಿಂದಲೇ ಹೋಗಬೇಕು.

ಅರ್ಜಿದಾರರ ಪರವಾಗಿ ನಿಂತಾಗ ವಕೀಲರ ಆತಂಕವೆಲ್ಲ ಆಸ್ಪತ್ರೆಯ ದಾಖಲೆಯ ಮೊದಲ ನಾಲ್ಕು ಸಾಲಿನಲ್ಲಿ ಇರುತ್ತದೆ. ಗಾಯಾಳುವನ್ನು ಹೊತ್ತು ತಂದವರು ಗಾಬರಿಯಲ್ಲಿ ‘ಬೈಕಿನಿಂದ ಬಿದ್ದರು’ ಎಂದರೆ, ರಾತ್ರಿ ಪಾಳಿಯ ವೈದ್ಯರು ಕೇಸ್ ಶೀಟಿನಲ್ಲಿ ಅದನ್ನೇ ಬರೆಯುತ್ತಾರೆ. ಡಿಕ್ಕಿ ಹೊಡೆದ ವಾಹನದ ಮಾತೇ ಅಲ್ಲಿರುವುದಿಲ್ಲ. ದೂರು ಹತ್ತು ದಿನ ತಡವಾಗಿ ದಾಖಲಾಗಿ, ಅದರಲ್ಲಿ ವಿಮೆಯಿರುವ ಕಾರೊಂದರ ನಂಬರು ಕಾಣಿಸಿಕೊಂಡರೆ, ವಿಮಾ ಕಂಪನಿಯ ವಕೀಲರು ಆಸ್ಪತ್ರೆಯ ದಾಖಲೆಗಳನ್ನು ತರಿಸುತ್ತಾರೆ, ವಾಹನವನ್ನು ಆಮೇಲೆ ತಂದು ಸೇರಿಸಲಾಗಿದೆ ಎನ್ನುತ್ತಾರೆ. ಅವರ ಸಂಶಯ ಎಲ್ಲ ಸಲವೂ ತಪ್ಪಲ್ಲ. ನಕಲಿ ಕ್ಲೇಮುಗಳನ್ನು ತನಿಖೆ ಮಾಡಲು ಉತ್ತರ ಪ್ರದೇಶದಲ್ಲಿ ವಿಶೇಷ ತನಿಖಾ ತಂಡವೇ ರಚನೆಯಾಗಿ, ಅದರಲ್ಲಿ ವಕೀಲರ ಹೆಸರುಗಳೂ ಬಂದ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆದರೆ ನಿಜವಾಗಿ ಕಾರು ಗುದ್ದಿ ಬಿದ್ದವನೂ, ಮಗನ ಪ್ರಾಣ ಉಳಿದರೆ ಸಾಕೆಂದು ಠಾಣೆಯ ನೆನಪೇ ಆಗದ ತಂದೆಯೂ ಇದೇ ಸಂಶಯಕ್ಕೆ ಗುರಿಯಾಗುತ್ತಾರೆ. ತಡಕ್ಕೆ ಕಾರಣವೇನೆಂಬುದನ್ನು ಅವರ ಬಾಯಿಂದಲೇ ನೇರವಾಗಿ, ಮುಖ್ಯ ವಿಚಾರಣೆಯ ಅಫಿಡವಿಟ್ಟಿನಲ್ಲಿಯೇ ಹೇಳಿಸದಿದ್ದರೆ ಪಾಟೀ ಸವಾಲಿನಲ್ಲಿ ಅದು ಸುಳ್ಳಿನಂತೆ ಕೇಳಿಸುತ್ತದೆ.

ಇನ್ನು ಲೆಕ್ಕ. ಸಾವಿಗೆ ಪರಿಹಾರವನ್ನು ನ್ಯಾಯಾಧೀಶರು ತಮಗೆ ತೋಚಿದಂತೆ ಕೊಡುತ್ತಾರೆಂದು ಜನ ತಿಳಿದಿರುವುದುಂಟು. ಹಾಗಿಲ್ಲ; 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಥಿ ತೀರ್ಪುಗಳು ಅದಕ್ಕೆ ಸೂತ್ರ ಹಾಕಿಕೊಟ್ಟಿವೆ. 34 ವರ್ಷದ ಗಾರೆ ಕೆಲಸದವನೊಬ್ಬ ತೀರಿಕೊಂಡನೆಂದೂ, ತಿಂಗಳ ಆದಾಯ 16,000 ರೂಪಾಯಿಯೆಂದೂ ಇಟ್ಟುಕೊಳ್ಳೋಣ. ಸ್ವಂತ ದುಡಿಮೆಯವನಾಗಿ 40 ವರ್ಷದೊಳಗೆ ಇದ್ದುದರಿಂದ ಭವಿಷ್ಯದ ಏರಿಕೆಗೆಂದು ಶೇ. 40 ಸೇರಿಸಿದರೆ 22,400. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಹೀಗೆ ನಾಲ್ವರು ಅವಲಂಬಿತರು. ಅವನ ಸ್ವಂತ ಖರ್ಚಿಗೆ ನಾಲ್ಕನೇ ಒಂದು ಭಾಗ ಕಳೆದರೆ 16,800. ವರ್ಷಕ್ಕೆ 2,01,600. 31ರಿಂದ 35ರ ವಯಸ್ಸಿಗೆ ಗುಣಕ, ಅಂದರೆ ವರ್ಷದ ಮೊತ್ತವನ್ನು ಗುಣಿಸಬೇಕಾದ ಸಂಖ್ಯೆ, 16. ಒಟ್ಟು 32,25,600 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ, ಆಸ್ತಿನಷ್ಟ, ಸಾಂಗತ್ಯನಷ್ಟಗಳ (ಕುಟುಂಬದವರು ಕಳೆದುಕೊಂಡ ಒಡನಾಟ) ನಿಗದಿತ ಮೊತ್ತಗಳು ಮತ್ತು ಬಡ್ಡಿ. ಸೂತ್ರವೆಲ್ಲ ನಿಗದಿಯಾದ ಮೇಲೆ ವಕೀಲರಿಗೆ ಉಳಿಯುವ ಕೆಲಸವೇನೆಂದರೆ ಆ ಮೊದಲ ಸಂಖ್ಯೆ. ಗಾರೆ ಕೆಲಸದವನಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಮೇಸ್ತ್ರಿಯನ್ನು ಸಾಕ್ಷಿಯಾಗಿ ಕರೆತರಬೇಕು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ವಾರದ ಬಟವಾಡೆಯ ಜಾಡು ಹುಡುಕಬೇಕು. ಏನೂ ಸಿಗದಿದ್ದರೆ ಕರ್ನಾಟಕದಲ್ಲಿ ಲೋಕ ಅದಾಲತ್ತಿಗೆಂದು ಕಾನೂನು ಸೇವಾ ಪ್ರಾಧಿಕಾರ ಮಾಡಿಟ್ಟ, ಅಪಘಾತದ ವರ್ಷಕ್ಕೆ ತಕ್ಕಂತೆ ಕಾಲ್ಪನಿಕ ಆದಾಯ ಸೂಚಿಸುವ ಪಟ್ಟಿಯೇ ಗತಿ.

ಬದುಕುಳಿದ ಗಾಯಾಳುವಿನ ಲೆಕ್ಕ ಇನ್ನೂ ಜಟಿಲ, ಮತ್ತು ನನ್ನ ದೃಷ್ಟಿಯಲ್ಲಿ ವಕೀಲರ ಶ್ರಮಕ್ಕೆ ನಿಜವಾದ ಬೆಲೆ ಬರುವುದು ಇಲ್ಲಿಯೇ. ಅದೇ ವಯಸ್ಸಿನ, ತಿಂಗಳಿಗೆ 15,000 ದುಡಿಯುವ ಗಾರೆ ಕೆಲಸದವನ ಕಾಲು ಮುರಿದು, ವೈದ್ಯರು ಆ ಕಾಲಿಗೆ ಶೇ. 36 ಊನವೆಂದು ಬರೆದುಕೊಟ್ಟರೆ, ನಮ್ಮಲ್ಲಿ ರೂಢಿಯಾಗಿರುವಂತೆ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನವೆಂದು ಹಿಡಿದು, ವರ್ಷದ ಆದಾಯವನ್ನು ಅದೇ ಗುಣಕದಿಂದ ಗುಣಿಸಿದರೆ, ಶೇ. 12ರಂತೆ 3,45,600 ರೂಪಾಯಿ ಭವಿಷ್ಯದ ಆದಾಯನಷ್ಟ ಬರುತ್ತದೆ. ಆದರೆ 2010ರಲ್ಲಿ ಸುಪ್ರೀಂ ಕೋರ್ಟ್ ಕೇಳಬೇಕೆಂದ ಪ್ರಶ್ನೆ ಬೇರೆ: ಈ ಊನದಿಂದ ಈ ಮನುಷ್ಯನ ಈ ಕಸುಬಿಗೆ ಎಷ್ಟು ಪೆಟ್ಟು ಬಿದ್ದಿದೆ? ಬ್ಯಾಂಕ್ ಗುಮಾಸ್ತನ ಮಡಚಲಾಗದ ಮಂಡಿಯೂ ಸಾರ್ವೆಯ ಮೇಲೆ ನಿಂತು ಇಟ್ಟಿಗೆ ಕಟ್ಟುವವನ ಮಂಡಿಯೂ ಒಂದೇ ಅಲ್ಲ. ಕಸುಬಿಗೆ ಆದ ಪೆಟ್ಟು ಶೇ. 40 ಎಂದು ನ್ಯಾಯಮಂಡಳಿ ಒಪ್ಪಿದರೆ ಅದೇ ಲೆಕ್ಕ 11,52,000ಕ್ಕೆ ಏರುತ್ತದೆ. ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬನ ಕಾಲು ಕತ್ತರಿಸಬೇಕಾಗಿ ಬಂದ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಹೀಗೆಯೇ ಯೋಚಿಸಿ ದುಡಿಮೆಯ ನಷ್ಟವನ್ನು ಶೇ. 85ಕ್ಕೆ ಏರಿಸಿತು; ಪುರಾವೆಯಿಲ್ಲದ ಆದಾಯವನ್ನು ತಿಂಗಳಿಗೆ 6,500 ರೂಪಾಯಿಯೆಂದು ಒಪ್ಪಿತು. ಇದಕ್ಕೆ ಬೇಕಾದ ಸಾಕ್ಷ್ಯ ಕಡತದಲ್ಲಿ ತಾನಾಗಿ ಬಂದು ಕೂರುವುದಿಲ್ಲ. ಕಕ್ಷಿದಾರನನ್ನು ಕಚೇರಿಯಲ್ಲಿ ಕೂರಿಸಿಕೊಂಡು ಮೆಟ್ಟಿಲು ಹತ್ತುವುದು ಹೇಗೆ, ಕುಕ್ಕರಗಾಲಲ್ಲಿ ಕೂರಲು ಆಗುತ್ತದೆಯೇ, ಬಾಂಡ್ಲಿ ಹೊರಲು ಆಗುತ್ತದೆಯೇ ಎಂದು ಒಂದೊಂದಾಗಿ ಕೇಳಿದ ವಕೀಲರ ಅರ್ಜಿಯಲ್ಲಿ ಮಾತ್ರ ಅದು ಇರುತ್ತದೆ.

ಅಪಘಾತದಾಚೆಗೆ ಕ್ರಿಮಿನಲ್ ಕೆಲಸವೆಂದರೆ ಬಹುಪಾಲು ದಿನ ಜಾಮೀನು. ತನಿಖೆ 60 ಅಥವಾ 90 ದಿನದೊಳಗೆ ಮುಗಿದು ದೋಷಾರೋಪಣ ಪಟ್ಟಿ ಬಾರದಿದ್ದರೆ ಬಂಧಿತನಿಗೆ ಜಾಮೀನು ಹಕ್ಕಾಗಿಯೇ ದಕ್ಕುತ್ತದೆ. ಆ ದಿನವನ್ನು ಎಣಿಸುತ್ತ ಕೂರುವುದು ವಕೀಲರ ಕರ್ತವ್ಯ. ಆದೇಶ ಸಿಕ್ಕ ಮೇಲೂ ಪಹಣಿ ಹಿಡಿದು ಬರುವ ಜಾಮೀನುದಾರ ಸಿಗದೆ ಒಳಗೇ ಉಳಿದವರಿದ್ದಾರೆ. ತಪ್ಪು ಮಾಡಿದವನ ಪರ ಹೇಗೆ ನಿಲ್ಲುತ್ತೀರಿ ಎಂಬ ಪ್ರಶ್ನೆಯನ್ನು ಈ ವಕೀಲರು ಮದುವೆ ಮನೆಯಲ್ಲೂ ಕೇಳಿಸಿಕೊಳ್ಳುತ್ತಾರೆ. ತಪ್ಪು ಮಾಡಿದ್ದಾನೆಯೇ ಎಂಬುದನ್ನು ತೀರ್ಮಾನಿಸುವುದು ನ್ಯಾಯಾಧೀಶರ ಕೆಲಸ, ಆ ತೀರ್ಮಾನ ಒಂದೇ ಕಡೆಯ ಮಾತು ಕೇಳಿ ಆಗಬಾರದು ಎಂಬುದಷ್ಟೇ ಉತ್ತರ. ವಕೀಲರ ಪರಿಷತ್ತಿನ ನಿಯಮವೂ ಹೀಗೆಯೇ ಇದೆ, ಬಂಧಿತನಿಗೆ ತನ್ನ ಆಯ್ಕೆಯ ವಕೀಲರ ನೆರವಿನ ಹಕ್ಕು ಕೊಡುವ ಸಂವಿಧಾನದ 22ನೇ ವಿಧಿಯೂ ಇದೆ. ಆದರೂ 2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯ ವಕೀಲರ ಸಂಘ, ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ವಹಿಸಬಾರದೆಂದು ನಿರ್ಣಯಿಸಿತು. ಇಂಥ ನಿರ್ಣಯಗಳು ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟ್ 2010ರಲ್ಲಿಯೇ ಹೇಳಿತ್ತು. ಹೈಕೋರ್ಟ್ ಮಧ್ಯಪ್ರವೇಶಿಸಿ, ಬೆಂಗಳೂರಿನಿಂದ ಹೋದ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಜಾಮೀನು ಅರ್ಜಿ ಹಾಕಬೇಕಾಯಿತು.

ಈ ವೃತ್ತಿಗೆ ಬರುವ ದಾರಿ ಹೊರಗಿನಿಂದ ಸುಲಭ: ಕಾನೂನು ಪದವಿ, ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ಮಟ್ಟದ ಅರ್ಹತಾ ಪರೀಕ್ಷೆ. ಕಷ್ಟವಿರುವುದು ಆಮೇಲಿನ ವರ್ಷಗಳಲ್ಲಿ. ಹಿರಿಯರ ಕಚೇರಿಯಲ್ಲಿ ಕಡತ ಹೊರುವುದು, ಹೆಸರು ಕೂಗಿದಾಗ ಎದ್ದು ವಾಯಿದೆ ಕೇಳುವುದು, ನಕಲು ಅರ್ಜಿ ಬರೆಯುವುದು. ಕೈಗೆ ಬರುವುದು ಬಸ್ ಚಾರ್ಜಿಗೆ ಸಾಲುವಷ್ಟು. ಕಿರಿಯರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿಯಾದರೂ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಸೂಚಿಸಿದೆ. ಅದು ಶಿಫಾರಸು, ಕಡ್ಡಾಯವಲ್ಲ. ಶುಲ್ಕದ ವಿಷಯದಲ್ಲಿ ನಮ್ಮದಕ್ಕೂ ಅಮೆರಿಕಕ್ಕೂ ದೊಡ್ಡ ಅಂತರವಿದೆ. ಅಲ್ಲಿ ಗಾಯದ ಪ್ರಕರಣಗಳ ವಕೀಲರು ಗೆದ್ದರೆ ಮೂರನೇ ಒಂದು ಭಾಗದಷ್ಟು, ಸೋತರೆ ಇಲ್ಲ ಎಂಬ ಒಪ್ಪಂದದ ಮೇಲೆ ಕೆಲಸ ಮಾಡುವುದು ಸಾಮಾನ್ಯ, ಜಾಹೀರಾತನ್ನೂ ಕೊಡಬಹುದು. ಇಲ್ಲಿ ಎರಡೂ ನಿಷಿದ್ಧ. ಪರಿಹಾರದ ಹಣದಲ್ಲಿ ಪಾಲು ಕೇಳುವುದು ವೃತ್ತಿ ದುರ್ನಡತೆ. ಹಾಗಿದ್ದೂ ಪರ್ಸೆಂಟೇಜಿನ ಮಾತು ನ್ಯಾಯಾಲಯದ ಆವರಣದಲ್ಲಿ ಯಾರೂ ಕೇಳದ ಮಾತೇನಲ್ಲ. ಮುಂಗಡ ಶುಲ್ಕ ಕೊಡಲಾಗದ ಕೂಲಿಕಾರನಿಗೆ ಬೇರೆ ದಾರಿಯಾಗಿ ಕಾನೂನು ಸೇವಾ ಸಮಿತಿಯ ಉಚಿತ ನೆರವು ಇದೆ. ಅದು ಇದೆಯೆಂದು ಅವನಿಗೆ ಹೇಳುವವರು ಕಡಿಮೆ.

ಪರಿಹಾರದ ಆದೇಶವಾದ ಮೇಲೆ ವಿಮಾ ಕಂಪನಿಗೆ ಹೈಕೋರ್ಟಿಗೆ ಹೋಗಲು 90 ದಿನವಿರುತ್ತದೆ. ಹೋಗಲಿಲ್ಲವೆಂದರೆ ಹಣ ಠೇವಣಿಯಾಗುತ್ತದೆ. ಮಕ್ಕಳ ಪಾಲನ್ನು ಅವರು ಪ್ರಾಪ್ತ ವಯಸ್ಸಿಗೆ ಬರುವವರೆಗೆ, ವಿಧವೆಯ ಪಾಲಿನ ಒಂದು ಭಾಗವನ್ನು ಕೆಲವು ವರ್ಷ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಇರಿಸುವಂತೆ ನ್ಯಾಯಮಂಡಳಿ ಬರೆದಿರುತ್ತದೆ. ಆ ಹೆಂಗಸು ನಡುವೆ ಒಮ್ಮೆ ಬಂದು, ಮಗಳ ಕಾಲೇಜಿನ ಫೀಜಿಗೆ ಎಫ್‌ಡಿ ಮುರಿಸಿಕೊಡಿ ಎಂದು ಕೇಳುತ್ತಾಳೆ. ಅದಕ್ಕೊಂದು ಅರ್ಜಿ, ಅದಕ್ಕೊಂದು ವಾಯಿದೆ. ಚಾಲಕನ ಪರ ವಕೀಲರ ಕಚೇರಿಗೆ ಅವನೂ ಬರುತ್ತಾನೆ. ಖುಲಾಸೆಯಾಗಿ ತಿಂಗಳಾದರೂ ಮಾಲೀಕ ಗಾಡಿಯ ಕೀ ಕೊಡುತ್ತಿಲ್ಲ, ಜಡ್ಜ್‌ಮೆಂಟಿನ ನಕಲು ತೋರಿಸು ಎನ್ನುತ್ತಿದ್ದಾನೆ. ವಕೀಲರು ನಕಲು ಅರ್ಜಿಯ ನಮೂನೆ ತೆಗೆದು, ಸಿಸಿ ನಂಬರು ಬರೆದು, ಸಹಿ ಎಲ್ಲಿ ಹಾಕಬೇಕೆಂದು ತೋರಿಸುತ್ತಾರೆ.